ಪಿಕಪ್ಪಿನ ಬೆನ್ನು ಮುರಿದ ಸುಗ್ಗಿ

ಪಿಕಪ್ಪಿನ ಅಡಿ ಬಿರುಕು ಬಿಟ್ಟದ್ದು ಎಡಗಡೆಯೋ ಬಲಗಡೆಯೋ ಎಂಬುದರಲ್ಲೇ ನನಗೂ ನಮ್ಮತ್ತೆಗೂ ಒಮ್ಮತವಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಎಡಗಡೆ. ಅತ್ತೆ ಬಲಗಡೆ ಎಂದು ಆಣೆ ಹಾಕುತ್ತಾರೆ. ಹಾಗಾಗಿ ಮುಂದೆ ಬರೆಯುವುದರಲ್ಲೂ ಕೆಲವು ಸಂಗತಿ ತಿರುವುಮುರುವಾಗಿರಬಹುದು. ಯಾವುದು ಮೊದಲು ನಡೆಯಿತು, ಯಾರು ಯಾವ ಮಾತಿಗೆ ಏನೆಂದರು ಎಂಬುದರ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಾಸನೆಯನ್ನು ನಂಬುತ್ತೇನೆ. ಮೊನ್ನೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ಹಳೆಯ ಗೇಟೊಂದಕ್ಕೆ ಬಣ್ಣ ಕೆರೆಯದೆಯೇ ವೆಲ್ಡಿಂಗ್ ಮಾಡುತ್ತಿದ್ದರು. ಸುಟ್ಟ ಬಣ್ಣದ ಹೊಗೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ರಸ್ತೆಯಲ್ಲೇ ನಿಂತುಬಿಟ್ಟೆ. ಅದರ ಜೊತೆಗೆ ಕುರಿಯ ಉಚ್ಚೆಯ ಘಾಟು ಇದ್ದಿದ್ದರೆ ನಾನು ಮತ್ತೆ ಆನವಟ್ಟಿಯ ವೆಲ್ಡಿಂಗ್ ಶೆಡ್ಡಿನಲ್ಲೇ ಇದ್ದೇನೆ ಅನ್ನಿಸುತ್ತಿತ್ತು.

ಆ ವರ್ಷ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಶಿಕಾರಿಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಊರಂಚಿನಲ್ಲಿದ್ದ ಸೋದರತ್ತೆ ಹಾಲಮ್ಮನವರ ಮನೆಯಲ್ಲೇ ಊಟ, ವಾಸ. ಮಾವನ ಹೆಸರು ಬೀರಪ್ಪ. ಮಾವನ ತಮ್ಮ ಮಾಲತೇಶ. ಅವರನ್ನು ನಾನು ಸಣ್ಣಮಾವ ಎನ್ನುತ್ತಿದ್ದೆ. ಅವರದು ಕುರಿ ಸಾಕುವ ಮನೆತನ. ಭತ್ತ ಕೊಯ್ದು ಗದ್ದೆ ಬರಿದಾಗುತ್ತಲೇ ಹಿಂಡು ಮನೆ ಬಿಡುತ್ತಿತ್ತು. ಮೊದಲು ತಾಳಗುಂದದ ಕಡೆ, ಆಮೇಲೆ ಪಡುವಣಕ್ಕೆ, ಸೊರಬದಾಚೆಯ ಉಳವಿಯ ಗದ್ದೆಗಳಿಗೆ. ಒಂದೊಂದು ಗದ್ದೆಯಲ್ಲಿ ಸುತ್ತ ಬಲೆ ಕಟ್ಟಿ ರಾತ್ರಿ ಕುರಿ ನಿಲ್ಲಿಸಿದರೆ ಮುಂದಿನ ಬೆಳೆಗೆ ಅದೇ ಗೊಬ್ಬರ. ಗದ್ದೆಯವರು ಭತ್ತ ಅಳೆದು ಕೊಡುವರು. ತಾತನ ಕಾಲದಿಂದಲೂ ಅವೇ ಊರು, ಅವೇ ಮನೆಗಳು.

ಹಿಂಡಿನ ಹಿಂದೆ ನಡೆಯುವುದೇ ಈ ಕೆಲಸದ ಮುಕ್ಕಾಲು ಪಾಲು. ಮಾವನಿಗೆ ಅದು ಕೈತಪ್ಪಿತ್ತು. ಬದುವಿನಿಂದ ಜಾರಿಬಿದ್ದು ಪಾದದ ಹರಡಿನ ಮೂಳೆ ಮುರಿದು, ಅದು ಸೊಟ್ಟಗೆ ಕೂಡಿಕೊಂಡು, ಒಂದು ಗದ್ದೆ ದಾಟುವುದರೊಳಗೆ ಕಾಲು ಬಾತುಕೊಳ್ಳುತ್ತಿತ್ತು. ಹಳೆಯದೊಂದು ಪಿಕಪ್ ಮನೆಗೆ ಬಂದದ್ದು ಆಗಲೇ. ಆಗ ತಾನೇ ಹುಟ್ಟಿದ ಮರಿ ಊರಿಂದೂರಿಗೆ ನಡೆಯಲಾರದು. ಮರಿಗಳು, ಈದ ಕುರಿಗಳು, ಬಲೆ, ಪಾತ್ರೆ, ಕುರಿಗೆ ನೆಕ್ಕಿಸುವ ಉಪ್ಪಿನ ಚೀಲ, ಎಲ್ಲವನ್ನೂ ತುಂಬಿಕೊಂಡು ಮಾವ ಮುಂದಿನ ಗದ್ದೆಗೆ ಹೋಗಿ ಕಾಯುವರು. ಸಣ್ಣಮಾವ ಹಿಂಡು ಹೊಡೆದುಕೊಂಡು ಬಂದು ಸೇರುವರು. ಆ ಗಾಡಿ ಇದ್ದುದರಿಂದಲೇ ಮಾವ ಇನ್ನೂ ಕುರಿಯವರಾಗಿ ಉಳಿದಿದ್ದರು.

ಕಾಲೇಜಿಗೆ ರಜೆ ಬಿದ್ದಿತ್ತು. ನಾನೂ ಅತ್ತೆಯೂ ರೊಟ್ಟಿ ಗಂಟು ಕಟ್ಟಿಕೊಂಡು ತಾಳಗುಂದದ ಹತ್ತಿರ ಹಿಂಡು ಬಿಟ್ಟಿದ್ದ ಗದ್ದೆಗೆ ಹೋಗಿದ್ದೆವು. ಬೆಳಗಿನ ಮಂಜು ಇನ್ನೂ ಕೂಳೆಯ ಮೇಲಿತ್ತು. ಮಾವ ಮರಿಗಳನ್ನು ತುಂಬಿಕೊಂಡು ಗಾಡಿಯನ್ನು ಬದುವಿನ ಮೇಲಿಂದ ಹಿಂದಕ್ಕೆ ತೆಗೆಯುತ್ತಿದ್ದರು. ಒಣಗಿದ ಟೊಂಗೆ ಮುರಿದಂಥ ಸದ್ದಾಯಿತು. ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಕೈ ತೂರುವಷ್ಟು ಸಂದು ಇರುತ್ತಿತ್ತಲ್ಲ, ಅದು ಮೇಲ್ಗಡೆ ಮುಚ್ಚಿಹೋಗಿ ಎರಡೂ ಒಂದಕ್ಕೊಂದು ತಲೆ ತಾಗಿಸಿ ನಿಂತಿದ್ದವು. ಗಾಡಿಯ ನಡು ಮುದಿ ಎಮ್ಮೆಯ ಬೆನ್ನಿನಂತೆ ಜಗ್ಗಿತ್ತು.

“ಅಣ್ಣ, ಇದರ ಬೆನ್ನು ಹೋಗೈತಿ,” ಎಂದರು ಸಣ್ಣಮಾವ.

“ಗಾಳಿ ಕಮ್ಮಿ ಆಗಿರಬೇಕು, ನೋಡಲೇ.”

“ಗಾಳಿ ಕಮ್ಮಿ ಆದ್ರ ಗಾಲಿ ಕೂರ್ತತಿ. ನಡ ಕೂರಂಗಿಲ್ಲ.”

ಮರಿಗಳನ್ನು ಇಳಿಸಿ, ಹಿಂಡನ್ನು ಗದ್ದೆಯವರ ಕಾವಲಿಗೆ ಒಪ್ಪಿಸಿ, ಬರಿ ಗಾಡಿಯನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಆನವಟ್ಟಿಗೆ ಒಯ್ದೆವು. ಅಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ಖಾದರಣ್ಣನ ವೆಲ್ಡಿಂಗ್ ಶೆಡ್ಡು. ಅತ್ತೆಯ ಮನೆಯ ನೇಗಿಲಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಅವರ ಕೈ ಹಾಯದ ಕಬ್ಬಿಣವಿರಲಿಲ್ಲ. ಬಾಯಿ ಸುಮ್ಮನಿರದ ಮನುಷ್ಯ. ವಿಮಾನ ಬಿದ್ದರೂ ಆನವಟ್ಟಿಗೆ ಎಳೆದು ತನ್ನಿ, ಜೋಡಿಸಿ ಹಾರಿಸುತ್ತೇನೆ ಎನ್ನುವವರು. ಗಾಡಿಯ ಕೆಳಗೆ ತೂರಿ ಅದರ ಬೆನ್ನೆಲುಬಾದ ಚಾಸಿಗೆ ಸುತ್ತಿಗೆಯಿಂದ ಒಂದೇಟು ಹಾಕಿದರು. ಠಣ್ ಎನ್ನಬೇಕಾದದ್ದು ದಬ್ ಎಂದಿತು. ಇನ್ನೊಂದೇಟಿಗೆ ಅಂಗೈಯಗಲದ ಕಪ್ಪು ಹಕ್ಕಳೆ ಕಳಚಿ ಬಿತ್ತು, ಅದರ ಹಿಂದೆಯೇ ಕೆಂಪು ತುಕ್ಕಿನ ಪುಡಿ ಸುರಿಯಿತು.

ಖಾದರಣ್ಣ ತಲೆಯ ಮೇಲಿನ ಪುಡಿ ಕೊಡವುತ್ತ ಹೊರಬಂದರು. “ಬೀರಪ್ಪಣ್ಣ, ಇದು ಚಾಸಿ ಅಲ್ಲ. ಬಣ್ಣ ಒಂದರ ಮ್ಯಾಲೆ ಒಂದು ಕುಂತು ಚಾಸಿ ಹಂಗೆ ನಾಟಕ ಆಡಾಕತ್ತೈತಿ. ಪ್ರತಿ ವರ್ಷ ಹಚ್ಚೀರೇನು?”

ಹಚ್ಚಿದ್ದರು. ಆಯುಧ ಪೂಜೆಯ ಹಿಂದಿನ ದಿನ ಗಾಡಿಯನ್ನು ಕೆರೆಯಲ್ಲಿ ಮೀಯಿಸಿ, ಸಂಜೆಯೇ ಮಾವ ಅಂಗಳದಲ್ಲಿ ಕಂಬಳಿ ಹಾಸಿ ಗಾಡಿಯ ಕೆಳಗೆ ಮಲಗಿ ಅಡಿಗೆಲ್ಲ ಕಪ್ಪು ಬಣ್ಣ ಬಳಿಯುತ್ತಿದ್ದರು. ಬೆಳಿಗ್ಗೆ ಪೂಜೆ, ಒಣಗುವವರೆಗೆ ಕಾಯಲು ಹೊತ್ತೆಲ್ಲಿ? ದೇವರ ಮುಂದೆ ನಿಲ್ಲುವ ಗಾಡಿಯ ಹೊಟ್ಟೆಯೂ ಚೊಕ್ಕಟವಾಗಿರಬೇಕೆಂಬುದು ಆ ಮನೆಯ ಪದ್ಧತಿ. ಹೀಗೆ ವರ್ಷ ವರ್ಷವೂ ಕೆರೆಯ ನೀರು ಬಣ್ಣದೊಳಗೆ ಉಳಿದು, ಮೇಲಿನಿಂದ ಕುರಿಯ ಉಚ್ಚೆ, ಕ್ಯಾಬಿನ್ನಿನ ಹಿಂದೆಯೇ ಇಡುತ್ತಿದ್ದ ಉಪ್ಪಿನ ಚೀಲದ ಜಿನುಗು ಸೇರಿ, ಸರಿಯಾಗಿ ಅದೇ ಜಾಗವನ್ನು ಒಳಗಿಂದೊಳಗೇ ತಿಂದಿದ್ದವು.

“ಪೂಜಿ ಮಾಡಿ ಮಾಡೇ ಗಾಡಿ ತಿಂದೀರಿ ನೋಡಕ್ಕ,” ಎಂದರು ಖಾದರಣ್ಣ.

ಅತ್ತೆ ಬಿಡುವವರಲ್ಲ. “ನಾವು ಭಕ್ತೀಲಿ ಹಚ್ಚಿದ್ದು. ನಿನ್ನಂಗ ಬಿಲ್ಲಿಗೆ ಹಚ್ಚಿದ್ದಲ್ಲ.”

“ಇಷ್ಟು ವರ್ಷ ಆ ಭಕ್ತೀನೇ ಹಿಡ್ಕಂಡಿತ್ತು ಬಿಡಕ್ಕ. ಕಬ್ಬಿಣ ಯಾವತ್ತೋ ಹೋಗೈತಿ.”

ಬಿದ್ದ ಹಕ್ಕಳೆಯೊಂದನ್ನು ಎತ್ತಿ ಅಂಚು ನೋಡಿದ್ದು ನೆನಪಿದೆ. ಕಪ್ಪು, ಕಪ್ಪು, ನಡುವೆ ಒಂದು ತೆಳು ನೀಲಿ ಗೆರೆ, ಮತ್ತೆ ಕಪ್ಪು. ಅಂಗಡಿಯಲ್ಲಿ ಕಪ್ಪು ಸಿಗದೆ ಯಾವುದೋ ವರ್ಷ ನೀಲಿ ಬಳಿದಿರಬೇಕು ಎಂದುಕೊಂಡೆ. ಅತ್ತೆಯನ್ನು ಕೇಳಿದರೆ, “ನೀಲಿ ಯಾವತ್ತೂ ಹಚ್ಚಿಲ್ಲ, ನಿನ್ನ ಕಣ್ಣಾಗಿಂದು ಅದು,” ಎನ್ನುತ್ತಾರೆ. ಇರಬಹುದು.

ಸಣ್ಣಮಾವ ಮಾತು ತೆಗೆದರು. “ಗುಜರಿಗೆ ಹಾಕಾಣ ಅಣ್ಣ. ನಾನು ಯಾವುದಾರ ಬಾಡಿಗಿ ಗಾಡಿ ಮಾಡ್ಕಂತೀನಿ. ನೀ ಮನೀಗೆ ಹೋಗು. ಆ ಕಾಲಾಗ ಇನ್ನೆಷ್ಟು ದಿನ ಅಂತ?”

ಮಾವ ಶೆಡ್ಡಿನ ಮುಂದೆ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಳಿತರು. ಮುಖ ತಮ್ಮನ ಕಡೆಗಿರಲಿಲ್ಲ. “ಮನೀಗೆ ಹೋದ್ರ ನನ್ನ ಮತ್ತೆ ಯಾರೂ ಕರೆಯಾಕ ಬರಂಗಿಲ್ಲಲೇ,” ಎಂದರು.

ಖಾದರಣ್ಣ ಬಿದ್ದ ತುಕ್ಕನ್ನು ಕಾಲಿನಿಂದ ಒಂದು ಕಡೆ ಒಟ್ಟತೊಡಗಿದರು. ಅಂದಿನಿಂದ ಗಾಡಿ ಎದ್ದು ನಿಲ್ಲುವವರೆಗೆ ಮಾವ ಆನವಟ್ಟಿ ಬಿಡಲಿಲ್ಲ. ಕ್ಯಾಬಿನ್ನಿನಲ್ಲೇ ಮಲಗುವುದು, ನಾನೋ ಅತ್ತೆಯೋ ಬಸ್ಸಿನಲ್ಲಿ ತಂದ ಬುತ್ತಿ ಉಣ್ಣುವುದು. ಕಾವಲಿಗೆ ಎಂದು ಹೇಳಿಕೊಳ್ಳುತ್ತಿದ್ದರು. ಬೆನ್ನು ಮುರಿದ ಗಾಡಿಯನ್ನು ಯಾರು ಕದಿಯುತ್ತಾರೆ ಎಂದು ನಾವೂ ಕೇಳಲಿಲ್ಲ.

ಮೊದಲ ರಿಪೇರಿ ಕೆಟ್ಟಿತು. ಗುಜರಿಯ ಮಾತು ಅಲ್ಲಿಗೇ ನಿಂತಿತ್ತು, ಆದರೆ ಕುರಿಗಳು ಈಯುತ್ತಿದ್ದ ಕಾಲ, ಸಣ್ಣಮಾವನಿಗೆ ಅವಸರ. “ಸದ್ಯಕ್ಕೆ ಒಂದು ಪಟ್ಟಿ ಹೊಡಿ, ಉಳವಿ ಮುಟ್ಟಿದ್ರ ಸಾಕು,” ಎಂದರು. ಖಾದರಣ್ಣ ಗೊಣಗುತ್ತಲೇ ಬಿರುಕಿನ ಮೇಲೆ ಗಿಡ್ಡ ಪಟ್ಟಿಯೊಂದನ್ನು ಬೆಸೆದರು. ಊರು ದಾಟುವ ಮೊದಲೇ, ರಸ್ತೆಯ ಹಂಪ್ ಮೇಲೆ, ಪಟ್ಟಿಯ ಪಕ್ಕದಲ್ಲೇ ಚಾಸಿ ಮತ್ತೆ ಬಾಯಿ ಬಿಟ್ಟಿತು. ಬೈಕಿನಲ್ಲಿ ಬಂದು ಬಗ್ಗಿ ನೋಡಿದ ಖಾದರಣ್ಣ ಮೊದಲು ಹಂಪ್ ಹಾಕಿಸಿದವರನ್ನು ಬೈದರು. ಆಮೇಲೆ ಕುರಿಗಳನ್ನು ಬೈದರು. ಬೈಯಲು ಇನ್ಯಾರೂ ಉಳಿಯದೆ ತಮ್ಮ ಹಣೆ ತಟ್ಟಿಕೊಂಡರು.

“ಪಿಸಿದ ಬಟ್ಟಿಗೆ ತ್ಯಾಪಿ ಹಾಕಿದಂಗಾತು. ಹೊಲಿಗಿ ಗಟ್ಟಿ, ಬಟ್ಟೀನೇ ಇಲ್ಲ! ನಡೀರಿ ವಾಪಸ್. ಬಾಡಿ ಪೂರ್ತಿ ಎತ್ತಬೇಕು. ಈಗ ಇದು ನಿಮ್ಮ ಗಾಡಿ ಅಲ್ಲ, ನನ್ನ ಮರ್ಯಾದಿ.”

ಬಾಡಿ ಎತ್ತುವುದು ಹೇಗೆ? ಕ್ರೇನು ಅವರಲ್ಲಿಲ್ಲ. ಅವತ್ತು ಸಂತೆ. ಬಸ್ಸಿಗೆ ಕಾಯುವ ಜನ ಚೀಲ ಕೆಳಗಿಟ್ಟುಕೊಂಡು ಶೆಡ್ಡಿನ ಕಡೆಗೇ ನೋಡುತ್ತಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಇಳಿದರು.

“ಯಪ್ಪಗಳಿರಾ, ನಿಂತು ನಿಂತು ಕಾಲಿಗೆ ಬೇರು ಬಿಟ್ಟಾವ. ಬಸ್ಸು ಬರೋ ತನಕ ಬಂದು ಒಂದು ಕೈ ಹಾಕ್ರಿ!”

“ಕೈ ಹಾಕಿದ್ರೆ ಕುರಿ ಕೊಡ್ತೀಯೇನಕ್ಕ?” ಎಂದ ಒಬ್ಬ.

“ಹಿಕ್ಕಿ ಕೊಡ್ತೀನಿ, ಎತ್ತು!”

ನಗುತ್ತಲೇ ಬಂದರು. ಬೋಲ್ಟು ಬಿಚ್ಚಿದ ಬಾಡಿಯ ಸುತ್ತ ಹೆಗಲು ಕೊಟ್ಟು ನಿಂತರು. ಅದು ಅರ್ಧ ಮೇಲೆದ್ದಿರುವಾಗಲೇ ಸೊರಬದ ಬಸ್ಸು ಬಂದು ನಿಂತಿತು. ಹಾರ್ನ್ ಮೇಲೆ ಹಾರ್ನ್. ಬಿಡುವಂತಿಲ್ಲ, ಬಿಟ್ಟರೆ ಕಾಲ ಮೇಲೆ ಬೀಳುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು, “ನನ್ನ ಪ್ಯಾಸೆಂಜರೆಲ್ಲ ಇಲ್ಲೇ ಹಮಾಲಿ ಮಾಡಾಕತ್ತೀರಿ, ನಾನು ಯಾರನ್ನ ಹತ್ತಿಸ್ಕಳ್ಳಿ?” ಎಂದು ಕೂಗಿ, ಕೊರಳಲ್ಲಿ ಟಿಕೆಟ್ ಮಿಷನ್ ತೂಗಿಸಿಕೊಂಡೇ ಇಳಿದು ಬಂದು ಒಂದು ಮೂಲೆಗೆ ಭುಜ ಕೊಟ್ಟರು. ಅವರು ಕೂಗಿದ್ದು ಮಾತ್ರ, ಭುಜ ಕೊಡಲಿಲ್ಲ ಎಂದು ಅತ್ತೆ ಈಗಲೂ ವಾದಿಸುತ್ತಾರೆ. ನನಗೆ ಕೊಟ್ಟರೆಂದೇ ನೆನಪು; ತಪ್ಪಿದ್ದರೂ ಆ ನೆನಪನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅಂತೂ ಬಾಡಿ ಡ್ರಮ್ಮುಗಳ ಮೇಲೆ ಕೂತಿತು. ಜನ ಕೈ ಒರೆಸಿಕೊಳ್ಳುತ್ತ ಬಸ್ಸು ಹತ್ತಿದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಆಮೇಲಿನದು ನಿಧಾನದ ಕೆಲಸ. ಖಾದರಣ್ಣ ಮೊದಲು ಬಣ್ಣವನ್ನೆಲ್ಲ ಕೆರೆದು, ಸುಟ್ಟು, ಕಬ್ಬಿಣ ಕಾಣುವವರೆಗೆ ಹೋದರು. ಜಗ್ಗಿದ ಜಾಗದ ಕೆಳಗೆ ಜಾಕಿ ಕೊಟ್ಟು ಅಷ್ಟಷ್ಟೇ ಎತ್ತಿದರು. ಮುಂದಿನಿಂದ ಹಿಂದಕ್ಕೆ ದಾರ ಎಳೆದು, ದಾರಕ್ಕೂ ಕಬ್ಬಿಣಕ್ಕೂ ನಡುವಿನ ಸಂದು ಮುಚ್ಚುವವರೆಗೆ ಮತ್ತೆ ಮತ್ತೆ ನೋಡಿದರು. ದಾರದ ಒಂದು ತುದಿ ನನ್ನ ಕೈಯಲ್ಲಿ. ಚೌಕ ಸರಿಯಿದೆಯೋ ಎಂದು ಮೂಲೆಯಿಂದ ಮೂಲೆಗೆ ಅಳೆದರೆ ಒಂದು ಮಗ್ಗುಲು ಉದ್ದ, ಇನ್ನೊಂದು ಗಿಡ್ಡ ಬಂತು.

“ಮೇಡಮ್ಮು ದಾರ ಸಡಿಲ ಬಿಟ್ರು,” ಎಂದರು ಖಾದರಣ್ಣ.

“ಬಿಟ್ಟಿಲ್ಲ, ಖಾದರಣ್ಣ.”

“ಕಾಲೇಜ್ನಾಗೂ ಹಿಂಗೇ ಹುಡುಗರನ್ನ ಸಡಿಲ ಬಿಡ್ತೀರೇನು?”

ಟೈರಿನ ಮೇಲೆ ಕೂತಿದ್ದ ಮಾವ ಬೀಡಿ ಆರಿಸಿ, “ಲೇ ಖಾದರ, ನೀ ಹಿಡಿದ ತೂತು ಬ್ಯಾರೆ, ಆಕಿ ಹಿಡಿದ ತೂತು ಬ್ಯಾರೆ,” ಎಂದು ನಕ್ಕರು. ನಿಜವಾಗಿಯೂ ಖಾದರಣ್ಣ ಒಂದು ಬೋಲ್ಟಿನ ತೂತು ಆಚೆ ಹಿಡಿದಿದ್ದರು. ಗಾಡಿ ಮುರಿದ ಮೇಲೆ ಮಾವ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊಳೆತ ತುಂಡನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಹೊಸ ಚಾನಲ್, ಅಂದರೆ ದೋಣಿಯಂತೆ ಮಡಿಸಿದ ಕಬ್ಬಿಣದ ತೊಲೆ, ಕೂರಿಸಿದರು. ಅದರ ಒಳಮೈಗೆ ಉದ್ದನೆಯ ಪಟ್ಟಿ, ಪಟ್ಟಿಯ ತುದಿಗಳು ಓರೆ. ನೆಟ್ಟಗೆ ಕತ್ತರಿಸಿದರೆ ಭಾರವೆಲ್ಲ ಒಂದೇ ಗೆರೆಗೆ ಬಿದ್ದು ಮತ್ತೆ ಅಲ್ಲೇ ಸೀಳುತ್ತದಂತೆ. ಕಾವಿಗೆ ಕಬ್ಬಿಣ ತಿರುಚಬಾರದೆಂದು ಇಲ್ಲಿ ಗೇಣು, ಅಲ್ಲಿ ಗೇಣು ಬೆಸೆದು ಆರಲು ಬಿಡುವರು. ಆರುವವರೆಗೆ ಚಹಾ, ಊರ ಸುದ್ದಿ. ಸುಗ್ಗಿಯ ಒಣಗಾಳಿಗೆ ಹೊಗೆ ಒಮ್ಮೆ ರಸ್ತೆಗೆ, ಒಮ್ಮೆ ನಮ್ಮ ಮುಖಕ್ಕೆ.

ಅಷ್ಟರಲ್ಲಿ ಹಿಂಡು ಉಳವಿಗೆ ಹೊರಡಲೇಬೇಕಾಗಿತ್ತು. ತಾಳಗುಂದದ ಗದ್ದೆಯಲ್ಲಿ ಮೇವು ಮುಗಿದಿತ್ತು. ದೊಡ್ಡ ಕುರಿಗಳೇನೋ ನಡೆದಾವು, ಮರಿಗಳು? ಉಳವಿಯಲ್ಲಿ ನಮ್ಮ ಕುರಿ ನಿಲ್ಲಿಸುವ ಗದ್ದೆಯ ಯಜಮಾನರು ಶಿವಾನಂದಪ್ಪ ಎಂದು. ಈ ಸಲ ತಡವಾಗುತ್ತದೆ ಎಂದು ಸಣ್ಣಮಾವ ಫೋನು ಮಾಡಿದ್ದರಂತೆ. ಮಾರನೆಯ ಬೆಳಿಗ್ಗೆ ನೋಡಿದರೆ ಶಿವಾನಂದಪ್ಪ, ಅವರ ಕೇರಿಯವರು ಬೈಕುಗಳ ಸಾಲು ಕಟ್ಟಿಕೊಂಡು ತಾಳಗುಂದದ ಗದ್ದೆಗೇ ಬಂದಿದ್ದಾರೆ.

“ನಮ್ಮ ಗದ್ದೆಗೆ ಬರೋ ಮರಿ ಅಲ್ವಾ ಮಾರಾಯ್ರೆ, ನಾವೇ ಕರ್ಕೊಂಡು ಹೋದ್ರೆ ಏನಾಯ್ತು?” ಎಂದರು.

ಸ್ವೆಟರಿನೊಳಗೆ ಒಂದು, ಮಡಿಲಲ್ಲಿ ಒಂದು, ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಲದಲ್ಲಿ ಎರಡು. ಒಬ್ಬರ ಕೊರಳ ಹತ್ತಿರ ಮರಿಯ ಮೂತಿ ಇಣುಕುತ್ತಿತ್ತು. ನಾನೂ ಒಂದನ್ನು ಎದೆಗವಚಿಕೊಂಡು ಶಿವಾನಂದಪ್ಪನವರ ಹೆಂಡತಿಯ ಸ್ಕೂಟರಿನ ಹಿಂದೆ ಕೂತೆ. ಸೊರಬ ದಾಟುವುದರೊಳಗೆ ಅದು ನನ್ನ ಸೀರೆ ಒದ್ದೆ ಮಾಡಿತ್ತು. “ಶಕುನ ಒಳ್ಳೇದು ಬಿಡಿ,” ಎಂದು ಆಕೆ ನಕ್ಕರು. ಯಾರನ್ನೂ ನಾವು ಕೇಳಿಕೊಂಡಿರಲಿಲ್ಲ. ಗೊಬ್ಬರ ಬೇಕಿತ್ತು, ಅದಕ್ಕೇ ಬಂದರು ಎಂದು ಲೆಕ್ಕ ಹಾಕಬಹುದು. ಗೊಬ್ಬರಕ್ಕಾಗಿ ಯಾರಾದರೂ ಚಳಿಯಲ್ಲಿ ಮರಿಗೆ ಸ್ವೆಟರ್ ಗುಂಡಿ ಹಾಕುತ್ತಾರೆಯೇ ಎಂದು ಆ ಲೆಕ್ಕವನ್ನು ನಾನೇ ಅಳಿಸಿಹಾಕುತ್ತೇನೆ.

ಬಾಡಿ ಮತ್ತೆ ಚಾಸಿಯ ಮೇಲೆ ಕೂತ ದಿನ ಖಾದರಣ್ಣ ರಸ್ತೆಯಲ್ಲಿ ಸಿಕ್ಕವರನ್ನೆಲ್ಲ ಹಿಂದೆ ಹತ್ತಿಸಿ ಕುಣಿಸಿದರು. ಸಂದು ಮುಚ್ಚಲಿಲ್ಲ, ಸದ್ದೂ ಬರಲಿಲ್ಲ. ಮಾವ ಡ್ರೈವರ್ ಬಾಗಿಲ ಹತ್ತಿರ ಬಂದು ಎಂದಿನಂತೆ ಎರಡೂ ಕೈಯಿಂದ ಮೇಲಿನ ಹಿಡಿ ಹಿಡಿದರು. ಆ ಗಾಡಿ ಹತ್ತುವುದು ಅವರಿಗೆ ಒಂದು ಪಾಡು. ಒಳ್ಳೆಯ ಕಾಲು ಊರಿ, ಸೊಟ್ಟ ಕಾಲನ್ನು ಕೈಯಿಂದ ಎಳೆದುಕೊಂಡು, ಹಲ್ಲು ಕಚ್ಚಿ ಮೇಲೇರುವರು. ನಾವೆಲ್ಲ ಆಗ ಬೇರೆ ಕಡೆ ನೋಡುತ್ತಿದ್ದೆವು. ಅವತ್ತು ಮಾವ ಕೆಳಗೆ ನೋಡಿ ಹಾಗೇ ನಿಂತರು. ಬಾಗಿಲ ಕೆಳಗೆ, ನೆಲಕ್ಕೆ ಹತ್ತಿರವಾಗಿ, ಒಂದು ಕಬ್ಬಿಣದ ಮೆಟ್ಟಿಲು. ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದರು. ಕಾಲು ಜಾರದಿರಲೆಂದು ಮೇಲೆ ಗೀರು ಗೀರು ವೆಲ್ಡಿಂಗ್.

“ಇದ್ಯಾರು ಹೇಳಿದ್ರು?” ಎಂದರು ಮಾವ.

“ನಿಮ್ಮವರೇ,” ಎಂದರು ಖಾದರಣ್ಣ.

“ನಮ್ಮವರು ಅಂದ್ರ?”

“ಯಾರು ಹೇಳಿದ್ರೇನು, ಕಾಲು ಎತ್ತಣ್ಣ!”

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಇಬ್ಬರೂ ಹೇಳಿರಲಿಲ್ಲ. ಖಾದರಣ್ಣ ಎಂಥ ಸುದ್ದಿಯನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ. ಇದೊಂದನ್ನು ಮಾತ್ರ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಾವ ಸೊಟ್ಟ ಕಾಲನ್ನು ಮೆಟ್ಟಿಲ ಮೇಲಿಟ್ಟು, ಒಂದೇ ಸಲಕ್ಕೆ ಒಳಗೆ ಹೋಗಿ ಕೂತರು.

ಉಳವಿಯ ಗದ್ದೆ ಇನ್ನೂ ದೂರವಿರುವಾಗಲೇ ಮಾವ ಹಾರ್ನ್ ಒತ್ತಿದರು. ಬಲೆಯೊಳಗಿದ್ದ ಮರಿಗಳು ಒಂದೇ ದನಿಯಲ್ಲಿ ಅರಚಿಕೊಂಡವು. ಆ ಹಾರ್ನ್ ಅವಕ್ಕೆ ಗೊತ್ತು. ಸಣ್ಣಮಾವ ಬದುವಿನ ಮೇಲೆ ನಿಂತಿದ್ದರು. ಸರಿಯಾಯಿತೇ ಎಂದು ಕೇಳಲಿಲ್ಲ. ಬಗ್ಗಿ ಅಡಿಯನ್ನೊಮ್ಮೆ ನೋಡಿ, “ಹಿಂದಕ್ಕೆ ತಗಾ ಅಣ್ಣ. ಬದುವಿನ ಮ್ಯಾಲೆ ಮಾತ್ರ ಹತ್ತಿಸಬ್ಯಾಡ,” ಎಂದರು.

ಮುಂದಿನ ಆಯುಧ ಪೂಜೆಯಿಂದ ಗಾಡಿಯ ಹೊಟ್ಟೆಗೆ ಬಣ್ಣವಿಲ್ಲ. ತೊಳೆದು, ಬಿಸಿಲಿಗೆ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಹಳೆಯ ಎಂಜಿನ್ ಆಯಿಲ್ ಸವರುವುದು ಖಾದರಣ್ಣನ ಕಟ್ಟಪ್ಪಣೆ. ಹೊಸ ಚಾನಲ್ಲಿಗೆ ಮಾತ್ರ ಮಾವ ಒಂದು ಬೊಟ್ಟು ಕುಂಕುಮ ಇಡುತ್ತಾರೆ.

ಈ ಕತೆಯನ್ನು ನಾನು ಗೆಳತಿಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಸಣ್ಣಮಾವನದು ಅಣ್ಣನನ್ನು ಮನೆಗೆ ಅಟ್ಟಲು ನೋಡಿದ ತಮ್ಮನ ಪಾತ್ರ. ಸುಟ್ಟ ಬಣ್ಣದ ವಾಸನೆ ಬಡಿದ ಆ ದಿನ ಬರೆಯಲು ಕೂತಾಗ, “ಆ ಕಾಲಾಗ ಇನ್ನೆಷ್ಟು ದಿನ ಅಂತ?” ಎಂಬ ಮಾತಿನ ಹತ್ತಿರ ಪೆನ್ನು ನಿಂತಿತು. ಮಾತು ನೆನಪಿದೆ, ಆದರೆ ದನಿ? ತಾತ್ಸಾರವಿತ್ತೆಂದು ಇಷ್ಟು ವರ್ಷ ನಂಬಿದ್ದೆ. ಮಾವನ ಸೊಟ್ಟ ಕಾಲನ್ನು ದಿನವೂ ಸಂಜೆ ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದವರೂ ಅವರೇ ಎಂಬುದು ಕತೆ ಹೇಳುವಾಗ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಗಾಡಿ ಬಿಚ್ಚಿಟ್ಟಿದ್ದಾಗ ಒಂದು ಮಧ್ಯಾಹ್ನ ಉಪ್ಪು ಒಯ್ಯುವ ನೆವದಲ್ಲಿ ಆನವಟ್ಟಿಗೆ ಬಂದು, ಶೆಡ್ಡಿನ ಹಿಂದೆ ಖಾದರಣ್ಣನ ಜೊತೆ ಕೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ಏನೋ ತೋರಿಸುತ್ತ ನಿಂತಿದ್ದವರೂ ಅವರೇ. ಅದನ್ನು ನಾನು ನಿಜವಾಗಿ ಕಂಡೆನೋ, ಈಗ ಅವರಿಗೆ ಒಳ್ಳೆಯದು ಮಾಡಬೇಕೆಂಬ ಆಸೆಗೆ ಕಟ್ಟಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ.

ಆ ಅನುಮಾನ ಹೊತ್ತುಕೊಂಡೇ ಕಳೆದ ಭಾನುವಾರ ತಾಳಗುಂದದ ಗದ್ದೆಗೆ ಹೋಗಿದ್ದೆ. ಬೆಸುಗೆ ಹಾಗೇ ಇದೆ. ಮಾವ ಮರಿಗಳನ್ನು ತುಂಬಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಆಗ ತಾನೇ ಪಡುವಣಕ್ಕೆ ಹೊರಟರು. ಬದುವಿನ ಮೇಲೆ ಬಲೆ ಸುತ್ತುತ್ತಿದ್ದ ಸಣ್ಣಮಾವನ ಪಕ್ಕದಲ್ಲಿ ಕೂತು, ಗಾಡಿ ತಿರುವು ದಾಟುವವರೆಗೂ ಇಬ್ಬರೂ ನೋಡಿದೆವು.

“ಸಣ್ಣಮಾವ, ಆ ಮೆಟ್ಲು ಹಾಕ್ಸಿದ್ದು ನೀವಾ?” ಎಂದು ಕೇಳಿದೆ.

ಅವರು ನಗು ಮರೆಸುವವರಂತೆ ಹಿಂಡಿನ ಕಡೆ ತಿರುಗಿ, ಕುರಿ ಕರೆಯುವ ಹಾಗೆ ನಾಲಿಗೆಯಿಂದ ಲೊಚಗುಟ್ಟಿದರು. ಮೇಯುತ್ತಿದ್ದ ಕುರಿಗಳೆಲ್ಲ ಒಟ್ಟಿಗೇ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡತೊಡಗಿದವು.